ಬೇಸಿಗೆ ಶಾಲೆ: ಬ್ರಿಟನ್ನೋ, ಮುಂಬಯಿಯೋ?

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮಕ್ಕನ ಮಗಳಿಗೆ ಹದಿನಾರು. ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುವಾಸೆ. ಬ್ರಿಟನ್ನಿನ ಎರಡು ವಾರದ ವಸತಿ ಶಿಬಿರಕ್ಕೆ ಕಳಿಸುವುದೋ, ಇಲ್ಲೇ ಕಲಿಸುವುದೋ ಎಂದು ಮನೆಯಲ್ಲಿ ದಿನವೂ ಮಾತು.

ಅಲ್ಲಿನ ದೊಡ್ಡ ಲಾಭ ಸಹವಾಸ. ಬೇರೆ ಬೇರೆ ದೇಶದ ಮಕ್ಕಳೊಂದಿಗೆ ಉಂಡು, ಮಲಗಿ, ವೀಟೊ (ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಯಂ ಸದಸ್ಯ ದೇಶವೊಂದೇ ನಿರ್ಣಯವನ್ನು ತಡೆಯುವ ಅಧಿಕಾರ) ಬಗ್ಗೆ ವಾದಿಸುವ ಅನುಭವ ಮನೆಯಲ್ಲಿ ಕೂತರೆ ಸಿಗದು. ಆದರೆ ಆಕ್ಸ್‌ಫರ್ಡ್, ಕೇಂಬ್ರಿಜ್ ಹೆಸರಿಗೆ ಮರುಳಾಗಬೇಡಿ. ಕಾಲೇಜು ಕಟ್ಟಡವನ್ನು ಬಾಡಿಗೆಗೆ ಹಿಡಿದು ಶಿಬಿರ ನಡೆಸುವ ಖಾಸಗಿಯವರು ಹಲವರಿದ್ದಾರೆ. ಅವರ ಪ್ರಮಾಣಪತ್ರ ತೋರಿಸಿದರೆ ವಿಶ್ವವಿದ್ಯಾಲಯದ ಸೀಟು ಸಿಗುವುದಿಲ್ಲ. ಶಿಬಿರಗಳು ಹೆಚ್ಚಾಗಿ ಜುಲೈ, ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನಮ್ಮ ಮಕ್ಕಳ ರಜೆ ಮುಗಿದಿರುತ್ತದೆ. ವೀಸಾಕ್ಕೆ ತಂದೆತಾಯಿಯ ಒಪ್ಪಿಗೆ ಪತ್ರವೂ ಬೇಕು.

ಮುಂಬಯಿಯಲ್ಲಿ ಶಾಲಾ ಕಾಲೇಜುಗಳ ಮಾದರಿ ವಿಶ್ವಸಂಸ್ಥೆ ಅಧಿವೇಶನಗಳಿವೆ; ಮಕ್ಕಳೇ ಒಂದೊಂದು ದೇಶದ ಪ್ರತಿನಿಧಿಗಳಾಗಿ ಚರ್ಚಿಸುತ್ತಾರೆ. ಎರಡು ಮೂರು ದಿನ, ಖರ್ಚು ಕಡಿಮೆ, ಆಳವೂ ಕಡಿಮೆಯೇ. ಆದರೆ ಆಳಕ್ಕಿಳಿಯಲು ಪಕ್ಕದಲ್ಲೇ ಗೋವಾ ಇದೆಯಲ್ಲ! 1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆ ಪೋರ್ಚುಗಲ್ಲಿನ ವಸಾಹತಾಗಿದ್ದ ಗೋವಾ ಹೊಕ್ಕಾಗ ಪೋರ್ಚುಗಲ್ ಭದ್ರತಾ ಮಂಡಳಿಗೆ ಹೋಯಿತು. ಕದನವಿರಾಮ, ಸೇನೆ ವಾಪಸಾತಿ ಕೇಳಿದ ನಿರ್ಣಯಕ್ಕೆ ಏಳು ಮತ ಬಿದ್ದರೂ ಸೋವಿಯತ್ ವೀಟೊದಿಂದ ಅದು ಬಿದ್ದುಹೋಯಿತು. ಅಮೆರಿಕ, ಬ್ರಿಟನ್ ನಮ್ಮ ವಿರುದ್ಧ. ಸಿಲೋನ್ (ಇಂದಿನ ಶ್ರೀಲಂಕಾ), ಲೈಬೀರಿಯ, ಈಜಿಪ್ಟ್ ನಮ್ಮ ಪರ. ಯಾಕೆ ಹೀಗೆ ಎಂದು ಕೆದಕಿದರೆ ವಸಾಹತುಶಾಹಿ, ಶೀತಲ ಸಮರ, ಅಮೆರಿಕ, ಪೋರ್ಚುಗಲ್ ಇದ್ದ ಸೇನಾ ಒಕ್ಕೂಟ ನೇಟೊ ಎಲ್ಲವೂ ತೆರೆದುಕೊಳ್ಳುತ್ತವೆ.

ನಾನು ಅಕ್ಕನಿಗೆ ಹೇಳಿದ್ದಿಷ್ಟು: ಈ ವರ್ಷ ಅಧಿವೇಶನ, ರಜೆಯಲ್ಲಿ ಕೊಂಕಣ ರೈಲಿನಲ್ಲಿ ಗೋವಾ. ಆಸೆ ಆಮೇಲೂ ಉಳಿದರೆ, ಮುಂದಿನ ವರ್ಷ ದುಡ್ಡು ಕೂಡಿಸಿ ಕಳಿಸೋಣ.