ಹೊಲಿಗೆ ಮೆಷಿನ್ ಪಕ್ಕ ನೈಜರ್, ಕಂಪಾಲಾ, ಲಾಹೋರ್: ಬ್ಯಾಂಡ್‌ಕ್ಯಾಂಪ್ ಬಳಸಿದ ಮೇಲೆ

"ಯೂಟ್ಯೂಬಲ್ಲಿ ಪುಕ್ಕಟೆ ಸಿಗೋ ಹಾಡಿಗೆ ನೀವ್ಯಾಕೆ ದುಡ್ಡು ಕೊಡ್ತೀರಿ ಅಕ್ಕ?" ನಮ್ಮ ಅಂಗಡಿಯಲ್ಲಿ ಸೀರೆಗೆ ಕುಚ್ಚು ಕಟ್ಟುವ ಹುಡುಗಿ ಆಗಾಗ ಕೇಳುತ್ತಾಳೆ. ಅವಳಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ತಿಪಟೂರಿನಲ್ಲಿ ನನ್ನದೊಂದು ಲೇಡೀಸ್ ಟೈಲರಿಂಗ್ ಅಂಗಡಿ. ಷಟರ್ ಎತ್ತಿದಾಗಿನಿಂದ ಇಳಿಸುವವರೆಗೂ ಕೈಗೂ ಕಣ್ಣಿಗೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಆ ಖಾಲಿ ಕಿವಿಗೆ ಮೊದಲು ಆಕಾಶವಾಣಿ ಇತ್ತು, ಆಮೇಲೆ ಕ್ಯಾಸೆಟ್, ಆಮೇಲೆ ಫೋನು. ಫೋನಿನಲ್ಲಿ ಹಾಡು ಕೇಳಿಸುವ ದೊಡ್ಡ ಆ್ಯಪ್ ಒಂದನ್ನು ತುಂಬಾ ಕಾಲ ಬಳಸಿದೆ. ಒಂದು ಹಾಡು ಇಷ್ಟವಾಯಿತು ಅಂದರೆ ಅದೇ ಜಾತಿಯ ಹಾಡುಗಳನ್ನೇ ಸುತ್ತಿಸಿ ಸುತ್ತಿಸಿ ಹಾಕುತ್ತಿತ್ತು. ದಿನಕ್ಕೆ ಹತ್ತು ಗಂಟೆ ಕೇಳುವವಳಿಗೆ ಅದು ಸಾಲದು. ಯಾರು ಹಾಡಿದರು, ಯಾವ ಊರು, ಅಲ್ಲಿ ಯಾವಾಗ ಇದನ್ನು ಹಾಡುತ್ತಾರೆ ಅನ್ನುವುದು ಗೊತ್ತಾಗದೆ ಹೋದರೆ ನನಗೆ ಹಾಡು ಅರ್ಧವೇ ಕೇಳಿಸಿದ ಹಾಗೆ.

ಆಮೇಲೆ ಸಿಕ್ಕಿದ್ದು ಬ್ಯಾಂಡ್‌ಕ್ಯಾಂಪ್ ಎಂಬ ಹಾಡು ಮಾರುವ ವೆಬ್‌ಸೈಟು. 2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. ದೊಡ್ಡ ಕಂಪನಿಗಳ ಹಂಗಿಲ್ಲದೆ ಸ್ವತಂತ್ರವಾಗಿ ಹಾಡು ಮಾಡುವವರು, ಸಣ್ಣ ಲೇಬಲ್ಲಿನವರು (ಅಂದರೆ ಬೇರೆಯವರ ಹಾಡು ಹೊರತರುವ ಸಂಸ್ಥೆಯವರು) ಇಲ್ಲಿ ತಮ್ಮದೇ ಪುಟ ತೆರೆದು ಮಾರುತ್ತಾರೆ. ಬೆಲೆ ಅವರೇ ಇಡುತ್ತಾರೆ. ಕೆಲವರು "ನಿಮಗೆ ತೋಚಿದಷ್ಟು ಕೊಡಿ" ಅಂತ ಬಿಟ್ಟಿರುತ್ತಾರೆ. ಸಾಮಾನ್ಯವಾಗಿ ಕೊಳ್ಳುವ ಮೊದಲು ಪೂರ್ತಿ ಕೇಳಬಹುದು. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಶೇ. 15 ಹಿಡಿದುಕೊಳ್ಳುತ್ತದೆ, ಎಲ್‌ಪಿ, ಕ್ಯಾಸೆಟ್, ಬಟ್ಟೆಯಂಥ ವಸ್ತುಗಳಲ್ಲಿ ಶೇ. 10. ದುಡ್ಡು ರವಾನಿಸುವ ಶುಲ್ಕ ಕಳೆದು ಉಳಿದದ್ದು ಪುಟದ ಒಡೆಯರಿಗೆ. ಒಂದು ಸಾರಿ ಕೇಳಿದರೆ ಹಾಡಿದವರಿಗೆ ಪೈಸೆಯ ಲೆಕ್ಕದಲ್ಲಿ ಹೋಗುವ ಆ್ಯಪುಗಳಿಗೂ ಇದಕ್ಕೂ ಅಜಗಜಾಂತರ. ನಾನೂ ಕೂಲಿ ಲೆಕ್ಕದಲ್ಲಿ ಬದುಕುವವಳು, ಈ ವ್ಯತ್ಯಾಸ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ನಾನು ಇಲ್ಲಿ ಉಳಿದುಕೊಂಡಿರುವುದು ಬರೀ ನ್ಯಾಯದ ಕಾರಣಕ್ಕಲ್ಲ. ಹೊಸ ಹಾಡು ಹುಡುಕುವ ದಾರಿ ಇಲ್ಲಿ ಮನುಷ್ಯರ ಮೂಲಕ ಹೋಗುತ್ತದೆ. ಪ್ರತಿ ಆಲ್ಬಮ್ಮಿನ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಚಿತ್ರಗಳಿರುತ್ತವೆ, ಕೆಲವರು ಎರಡು ಸಾಲು ಬರೆದಿರುತ್ತಾರೆ. ಚಿತ್ರ ಒತ್ತಿದರೆ ಅವರು ಇನ್ನೇನೇನು ಕೊಂಡಿದ್ದಾರೆ ಅನ್ನುವ ಕಪಾಟೇ ತೆರೆಯುತ್ತದೆ. ಪುಟದ ಕೆಳಗೆ ಟ್ಯಾಗುಗಳು, ಅದರಲ್ಲಿ ಊರಿನ ಹೆಸರೂ ಇರುತ್ತದೆ. ಕಂಪಾಲಾ ಅಂತ ಇದ್ದರೆ ಒತ್ತಿ, ಅದೇ ಊರಿನ ಹೆಸರು ಹಾಕಿಕೊಂಡ ಬೇರೆಯವರೆಲ್ಲ ಬರುತ್ತಾರೆ. ಇದಲ್ಲದೆ ಬ್ಯಾಂಡ್‌ಕ್ಯಾಂಪ್ ಡೈಲಿ ಅಂತ ಒಂದು ವಿಭಾಗವಿದೆ. ಒಂದೊಂದು ದೇಶದ, ಒಂದೊಂದು ಪ್ರಕಾರದ ಸಂಗೀತದ ಬಗ್ಗೆ ತಿಳಿದವರು ಬರೆದ ಲೇಖನಗಳು, ಓದುತ್ತಾ ಅಲ್ಲೇ ಹಾಡು ಕೇಳಬಹುದು. ಇಂಗ್ಲಿಷಿನಲ್ಲಿದೆ, ನಿಧಾನವಾಗಿ ಓದಿಕೊಂಡರೂ ಪೂರ್ತಿ ಪ್ರಯೋಜನವಿದೆ.

ಹೊಸಬರಿಗೆ ನಾನು ಹೇಳುವುದು, ಹಾಡುಗಾರರಿಗಿಂತ ಮೊದಲು ಲೇಬಲ್ ಹಿಡಿಯಿರಿ. ಒಳ್ಳೆಯ ಲೇಬಲ್ ಒಂದನ್ನು ಫಾಲೋ ಮಾಡಿದರೆ ವರ್ಷಪೂರ್ತಿ ಕೇಳುವಷ್ಟು ಸಿಗುತ್ತದೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಸಹೇಲ್ ಸೌಂಡ್ಸ್. ಕ್ರಿಸ್ಟೋಫರ್ ಕರ್ಕ್ಲಿ ಎಂಬುವರು ಅಮೆರಿಕದ ಪೋರ್ಟ್‌ಲ್ಯಾಂಡಿನಿಂದ ನಡೆಸುವ ಲೇಬಲ್, ಸಹಾರಾ ಮರುಭೂಮಿಯ ಅಂಚಿನ ದೇಶಗಳ ಸಂಗೀತ. ಅವರು ಮಾಲಿ ದೇಶದ ಕಿದಾಲ್ ಊರಿನಲ್ಲಿದ್ದಾಗ ಅಲ್ಲಿನ ಜನ ಹಾಡುಗಳನ್ನು ಫೋನಿನಿಂದ ಫೋನಿಗೆ ಬ್ಲೂಟೂತಿನಲ್ಲಿ ದಾಟಿಸುತ್ತಿದ್ದರು. ಮೆಮೊರಿ ಕಾರ್ಡುಗಳಲ್ಲಿದ್ದ ಆ ಹಾಡುಗಳನ್ನು ಕಲೆಹಾಕಿ, ಹಾಡಿದವರನ್ನು ಪತ್ತೆಮಾಡಿ "ಮ್ಯೂಸಿಕ್ ಫ್ರಮ್ ಸಹಾರನ್ ಸೆಲ್‌ಫೋನ್ಸ್" ಅಂತ ಹೊರತಂದರು. ಓದಿದ ಕೂಡಲೇ ನನಗೆ ನಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿ ಕಣ್ಣಿಗೆ ಕಟ್ಟಿತು. ಇಪ್ಪತ್ತು ಮೂವತ್ತು ರೂಪಾಯಿಗೆ ಕಾರ್ಡಿನ ತುಂಬ ಹಾಡು ಹಾಕಿಕೊಡುತ್ತಿದ್ದರು. ಅದರಲ್ಲಿ ಸಿನಿಮಾ ಹಾಡುಗಳ ನಡುವೆ ಯಾರೋ ಜಾತ್ರೆಯಲ್ಲಿ ಹಾಡಿದ್ದು, ಯಾರದೋ ಭಜನೆ, ಹೆಸರೇ ಇಲ್ಲದ ದನಿಗಳು ಇರುತ್ತಿದ್ದವು. ಆ ದನಿಗಳನ್ನು ಹುಡುಕಿಕೊಂಡು ನಮ್ಮಲ್ಲಿ ಯಾರೂ ಹೋಗಲಿಲ್ಲವಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಇದೇ ಲೇಬಲ್ಲಿನಲ್ಲಿ ನೈಜರ್ ದೇಶದ ಹೆಂಗಸರ ತಂಡವೊಂದಿದೆ, ಲೆ ಫೀಯ್ ದ ಇಲ್ಲಿಘದಾದ್. ಇಲ್ಲಿಘದಾದ್ ಅವರ ಹಳ್ಳಿ. ತಂಡದ ಫಾತೂ ಸೈದಿ ಗಾಲಿ ಎಂಬುವರು ತಮ್ಮ ಅಣ್ಣ ತಂದಿಟ್ಟ ಗಿಟಾರನ್ನು ತಾನೇ ನುಡಿಸಿ ಕಲಿತವರು. ಇವರು ಸಹಾರಾ ಮರುಭೂಮಿಯ ತುವಾರೆಗ್ ಜನ. ಅವರಲ್ಲಿ ಗಿಟಾರ್ ಗಂಡಸರ ಕೈಯಲ್ಲಿತ್ತು, ಹೆಂಗಸರದ್ದು ತೆಂಡೆ ಎಂಬ ಚರ್ಮವಾದ್ಯ. ಧಾನ್ಯ ಕುಟ್ಟುವ ಮರದ ಒರಳಿನ ಬಾಯಿಗೆ ಆಡಿನ ಚರ್ಮ ಬಿಗಿದು, ಅದು ಸಡಿಲವಾಗದಂತೆ ಎರಡು ಒನಕೆ ಅಡ್ಡ ಕಟ್ಟಿ, ಒನಕೆಯ ಮೇಲೆ ಜನ ಕೂರುತ್ತಾರೆ. ಹಾಗೆ ಬಿಗಿಯಾದ ಒರಳನ್ನು ಕೈಯಲ್ಲಿ ಬಾರಿಸುತ್ತಾ ಸುತ್ತ ನಿಂತವರು ಚಪ್ಪಾಳೆ ತಟ್ಟಿ ಹಾಡುತ್ತಾರೆ. ನೀರಿನ ಪಾತ್ರೆಯಲ್ಲಿ ಅರ್ಧ ಸೋರೆಬುರುಡೆ ಬೋರಲು ಹಾಕಿ ಅದನ್ನೂ ಬಡಿಯುತ್ತಾರೆ, ಅದರ ದನಿ ಎದೆಗೇ ತಾಗುತ್ತದೆ. 2016ರ ಅವರ ಮೊದಲ ಆಲ್ಬಮ್ಮು ಹಳ್ಳಿಯ ಬಯಲಿನಲ್ಲೇ ಧ್ವನಿಮುದ್ರಣವಾದದ್ದು. ಒಂದು ಕಡೆ ಬರೀ ಗಿಟಾರು ಮತ್ತು ದನಿ, ಇನ್ನೊಂದು ಕಡೆ ಪೂರ್ತಿ ತೆಂಡೆ. ನಮ್ಮಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದಗಳಲ್ಲಿ ಒಬ್ಬರು ಎತ್ತಿದ ಸಾಲನ್ನು ಇನ್ನೊಬ್ಬರು ಹಿಡಿಯುವ ರೀತಿ ಇತ್ತಲ್ಲ, ಇಲ್ಲೂ ಅದೇ. ಭಾಷೆ ಒಂದಕ್ಷರ ತಿಳಿಯದಿದ್ದರೂ ಮುಂದಿನ ಸಾಲು ಯಾವಾಗ ಬರುತ್ತದೆ ಅಂತ ನನಗೆ ಗೊತ್ತಾಗುತ್ತದೆ. ಬ್ಲೌಸ್ ಅಳತೆ ಕೊಡಲು ಬಂದ ಹಿರಿಯರೊಬ್ಬರು ಕೇಳುತ್ತಾ ಕೂತು, "ಯಾವ ಕಡೆ ಹೆಣ್ಣುಮಕ್ಕಳಮ್ಮ, ಚೆನ್ನಾಗಿ ಹೇಳ್ತಾವೆ" ಅಂದರು. ನೈಜರ್ ಅಂದರೆ ಎಲ್ಲಿ ಅಂತ ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದೆ.

ಎರಡನೆಯದು ಆಸಮ್ ಟೇಪ್ಸ್ ಫ್ರಮ್ ಆಫ್ರಿಕಾ. ಬ್ರಯನ್ ಶಿಮ್‌ಕೊವಿಟ್ಜ್ ಎಂಬುವರದು. 2002ರಲ್ಲಿ ಘಾನಾದ ಕೇಪ್ ಕೋಸ್ಟ್‌ನಲ್ಲಿ ರಸ್ತೆಬದಿಯಲ್ಲಿ ಕೊಂಡ ಅಟಾ ಕಾಕ್ ಎಂಬ ಗಾಯಕನ ಕ್ಯಾಸೆಟ್ಟಿನ ಹಿಂದೆ ಬಿದ್ದು, ವರ್ಷಗಟ್ಟಲೆ ಆ ಗಾಯಕನನ್ನು ಹುಡುಕಿ, 2015ರಲ್ಲಿ ಅದನ್ನು ಮತ್ತೆ ಹೊರತಂದರು. ಇಂಥ ಮರುಬಿಡುಗಡೆಗಳಲ್ಲಿ ನಮ್ಮ ದುಡ್ಡು ಲೇಬಲ್ಲಿಗೆ ಹೋಗುತ್ತದೆ, ಹಾಡಿದವರಿಗೆ ಎಷ್ಟು ಸೇರುತ್ತದೆ ಅನ್ನುವುದು ಲೇಬಲ್ಲಿನ ಮೇಲೆ ನಿಂತ ಮಾತು. ಇವರು ಲಾಭವನ್ನು ಕಲಾವಿದರ ಜೊತೆ ಸಮಪಾಲು ಮಾಡಿಕೊಳ್ಳುತ್ತಾರೆ. ಕೊಳ್ಳುವ ಮೊದಲು ಈ ವಿಷಯ ವಿಚಾರಿಸುವುದು ಒಳ್ಳೆಯದು.

ಈ ಲೇಬಲ್ಲಿನಿಂದಲೇ ನನಗೆ ಹೈಲು ಮೆರ್ಗಿಯಾ ಸಿಕ್ಕಿದ್ದು. ಇಥಿಯೋಪಿಯಾದ ವಾಲಿಯಾಸ್ ಬ್ಯಾಂಡಿನ ಕೀಬೋರ್ಡ್ ವಾದಕರು. 1981ರಲ್ಲಿ ಬ್ಯಾಂಡಿನ ಜೊತೆ ಅಮೆರಿಕಕ್ಕೆ ಹೋದವರು ಅಲ್ಲೇ ಉಳಿದರು. 1985ರಲ್ಲಿ ಅಕಾರ್ಡಿಯನ್ ಮತ್ತು ಕೀಬೋರ್ಡುಗಳನ್ನು ಒಬ್ಬರೇ ನುಡಿಸಿ ಒಂದು ಕ್ಯಾಸೆಟ್ ಮಾಡಿದರು. ಆಮೇಲೆ ವಾಷಿಂಗ್ಟನ್ನಿನಲ್ಲಿ ವರ್ಷಾನುಗಟ್ಟಲೆ ಟ್ಯಾಕ್ಸಿ ಓಡಿಸಿದರು. ಡಿಕ್ಕಿಯಲ್ಲಿ ಕೀಬೋರ್ಡ್ ಇಟ್ಟುಕೊಂಡು, ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗಾಗಿ ಕಾಯುವ ಹೊತ್ತಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರು. ಶಿಮ್‌ಕೊವಿಟ್ಜ್‌ಗೆ ಆ ಕ್ಯಾಸೆಟ್ ಇಥಿಯೋಪಿಯಾದ ಬಹಿರ್ ದಾರ್‌ನಲ್ಲಿ ಸಿಕ್ಕಿತು, 2013ರಲ್ಲಿ ಮರುಬಿಡುಗಡೆಯಾಯಿತು. ಮೆರ್ಗಿಯಾ ಮತ್ತೆ ವೇದಿಕೆ ಹತ್ತಿದರು, 2018ರಲ್ಲಿ "ಲಾಲಾ ಬೆಲು" ಎಂಬ ಹೊಸ ಆಲ್ಬಮ್ಮೇ ಬಂತು. ಅಷ್ಟು ವರ್ಷ ಯಾರೂ ಕೇಳದಿದ್ದರೂ ಕೈ ಬಿಡದೆ ನುಡಿಸಿದ ಆ ಮನುಷ್ಯನ ಬಗ್ಗೆ ನನಗಿರುವ ಗೌರವವನ್ನು ಮಾತಿನಲ್ಲಿ ಹೇಳಲಾರೆ. ಇಥಿಯೋಪಿಯಾದ ಸಂಗೀತ ಬಹುಪಾಲು ಐದು ಸ್ವರಗಳದ್ದು, ನಮ್ಮ ರಾಗದಂತೆ ಅವರಲ್ಲಿರುವ ತಿಜಿತಾ ಎಂಬ ಸ್ವರಕ್ರಮದ ಒಂದು ಬಗೆಯಲ್ಲಿ ನಮ್ಮ ಮೋಹನ ರಾಗದ ಸ್ವರಗಳೇ ಇವೆ. ಹಾಗಾಗಿ ಇಥಿಯೋಪಿಯಾದಿಂದ ಶುರು ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ, ನಮ್ಮ ಕಿವಿಗೆ ಬೇಗ ಒಗ್ಗುತ್ತದೆ.

ಬೇಗ ಒಗ್ಗದಿರುವುದೂ ಇದೆ. ಉಗಾಂಡಾದ ಕಂಪಾಲಾದ ನ್ಯೆಗೆ ನ್ಯೆಗೆ ಟೇಪ್ಸ್ 2017ರಲ್ಲಿ "ಸೌಂಡ್ಸ್ ಆಫ್ ಸಿಸ್ಸೊ" ತಂದಿತು. ಟಾಂಜಾನಿಯಾದ ದಾರ್ ಎಸ್ ಸಲಾಮ್ ಊರಿನ ಬಡ ಬಡಾವಣೆಗಳ ಹುಡುಗರ ಸಿಂಗೇಲಿ ಸಂಗೀತ. ನಿಮಿಷಕ್ಕೆ 200 ಬಡಿತ ದಾಟಿ ಓಡುತ್ತದೆ, ನನ್ನ ಮೋಟಾರ್ ಮೆಷಿನ್ ಪೂರ್ತಿ ಪೆಡಲ್ ಒತ್ತಿದ ಹಾಗೆ. ಗಿರಾಕಿಗಳಿದ್ದಾಗ ಹಾಕುವಂಥದ್ದಲ್ಲ; ಮದುವೆ ಸೀಸನ್ನಿನಲ್ಲಿ ಬಾಗಿಲು ಹಾಕಿಕೊಂಡು ರಾತ್ರಿ ಹೊಲಿಯುವಾಗ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಅದೇ ಲೇಬಲ್ಲಿನ ಗಾಯಕ ಓಟಿಮ್ ಆಲ್ಫಾ ಮಾತ್ರ ಹಗಲಿಗೂ ಸೈ. ಉತ್ತರ ಉಗಾಂಡಾದ ಅಚೋಲಿ ಜನರ ಮದುವೆ ಹಾಡುಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿದ್ದಾರೆ.

ಲಾಹೋರಿನ ಜೌಬಿ ತಂಡ ಯಾವ ಲೇಬಲ್ ಹಿಡಿದೂ ಸಿಕ್ಕಿದ್ದಲ್ಲ. ಮೆರ್ಗಿಯಾ ಆಲ್ಬಮ್ ಕೊಂಡಿದ್ದ ಯಾರೋ ಅಪರಿಚಿತರ ಕಪಾಟಿನಲ್ಲಿ ಕಣ್ಣಿಗೆ ಬಿತ್ತು. "ನಫ್ಸ್ ಅಟ್ ಪೀಸ್" ಅಂತ 2021ರ ಆಲ್ಬಮ್. ಸಾರಂಗಿ, ತಬಲಾ, ಗಿಟಾರು ಪಾಕಿಸ್ತಾನದವರದು, ಜೊತೆಗೆ ಇಂಗ್ಲೆಂಡಿನ ಟೆಂಡರ್‌ಲೋನಿಯಸ್ ಅವರ ಕೊಳಲು, ಸ್ಯಾಕ್ಸೊಫೋನು. ಹೊರತಂದದ್ದು ಪೋಲೆಂಡಿನ ಲೇಬಲ್. ಗಡಿಯ ಆಚೆಯ ಸಾರಂಗಿ ತಿಪಟೂರಿಗೆ ಪೋಲೆಂಡ್ ಸುತ್ತಿಕೊಂಡು ಬಂತು. ನನಗೆ ಬೇಕಾದ ಹುಡುಕಾಟ ಇದೇ. ನನಗೇನು ಇಷ್ಟ ಅಂತ ಯಂತ್ರ ಲೆಕ್ಕ ಹಾಕಿದ್ದರೆ ಇದನ್ನು ಎಂದೂ ನನ್ನ ಮುಂದೆ ಇಡುತ್ತಿರಲಿಲ್ಲ.

ಈಗ ದುಡ್ಡಿನ ವಿಚಾರ. ಒಂದು ಆಲ್ಬಮ್ಮು ಏಳೆಂಟು ಡಾಲರ್ ಅಂದರೆ 600 ರೂಪಾಯಿ ದಾಟುತ್ತದೆ, ಜೊತೆಗೆ ಬ್ಯಾಂಕಿನವರು ವಿದೇಶಿ ವಿನಿಮಯದ ಶುಲ್ಕ ಸೇರಿಸುತ್ತಾರೆ. ಒಂದು ಲೈನಿಂಗ್ ಬ್ಲೌಸಿನ ಕೂಲಿಗಿಂತ ಹೆಚ್ಚು. ಹಾಗಾಗಿ ಸಿಕ್ಕಿದ್ದೆಲ್ಲ ಕೊಳ್ಳುವುದಿಲ್ಲ. ವಿಶ್‌ಲಿಸ್ಟಿಗೆ ಸೇರಿಸಿಟ್ಟು, ಕೇಳುತ್ತಾ ಹೋಗಿ, ಬಿಡಲಾಗದ್ದನ್ನು ಮಾತ್ರ ಕೊಳ್ಳುತ್ತೇನೆ. ಒಂದೇ ಹಾಡು ಬೇಕಿದ್ದರೆ ಬಹಳ ಕಡೆ ಒಂದು ಡಾಲರಿಗೆ ಸಿಗುತ್ತದೆ. ಯುಪಿಐ ನಡೆಯುವುದಿಲ್ಲ, ಕಾರ್ಡು ಅಥವಾ ಪೇಪಾಲ್ ಬೇಕು. ನಮ್ಮ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರವನ್ನು ಬ್ಯಾಂಕಿನ ಆ್ಯಪಿನಲ್ಲಿ ನಾವೇ ಆನ್ ಮಾಡಬೇಕು. ಕೊಂಡಾದ ಮೇಲೆ ಆಫ್ ಮಾಡಿಬಿಡಿ. ಎಲ್‌ಪಿ ತರಿಸುವ ಆಸೆ ಇದ್ದವರು ಸಾಗಣೆ ವೆಚ್ಚ ಮತ್ತು ಕಸ್ಟಮ್ಸ್ ನೋಡಿಕೊಳ್ಳಿ, ನನ್ನಂಥವರಿಗೆ ಅದು ಆಗುವ ಮಾತಲ್ಲ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 20ರಂದು ಶುರುವಾದ ಬ್ಯಾಂಡ್‌ಕ್ಯಾಂಪ್ ಶುಕ್ರವಾರ ಅಂತ ಒಂದು ಪದ್ಧತಿ ಇದೆ. ಎಲ್ಲ ಶುಕ್ರವಾರವೂ ಅಲ್ಲ, ಅವರೇ ಗೊತ್ತುಮಾಡಿದ ಶುಕ್ರವಾರ ಮಾತ್ರ. ಆ ದಿನ ಕಂಪನಿ ತನ್ನ ಪಾಲು ಬಿಟ್ಟುಕೊಡುತ್ತದೆ. ನಾನು ದುಡ್ಡು ಕೂಡಿಸಿಟ್ಟು ಅವತ್ತೇ ಕೊಳ್ಳುವುದು.

ಕೊಂಡ ಹಾಡನ್ನು ಫೈಲಾಗಿ ಇಳಿಸಿಕೊಳ್ಳಬಹುದು, ಎಂಪಿ3ಯಿಂದ ಹಿಡಿದು ದನಿಯ ಗುಣ ಕೆಡದ ಫ್ಲ್ಯಾಕ್‌ವರೆಗೆ ಯಾವ ರೂಪದಲ್ಲಿ ಬೇಕಾದರೂ. ಇದಕ್ಕೆ ಆ್ಯಪ್ ಬೇಡ, ಬ್ರೌಸರಿನಲ್ಲೇ ತೆರೆಯಿರಿ. ನಮ್ಮ ಅಂಗಡಿಗೆ ಎಂಪಿ3 ಸಾಕು. ಪೆನ್‌ಡ್ರೈವಿಗೆ ಹಾಕಿ ಸ್ಪೀಕರಿಗೆ ಚುಚ್ಚಿದರೆ ನೆಟ್‌ವರ್ಕ್ ಇಲ್ಲದಿದ್ದರೂ ಹಾಡುತ್ತದೆ.

ಇಳಿಸಿಕೊಳ್ಳಿ ಅಂತ ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. 2022ರಲ್ಲಿ ಬ್ಯಾಂಡ್‌ಕ್ಯಾಂಪನ್ನು ಎಪಿಕ್ ಗೇಮ್ಸ್ ಎಂಬ ವಿಡಿಯೊ ಗೇಮ್ ಕಂಪನಿ ಕೊಂಡಿತು, 2023ರಲ್ಲಿ ಸಾಂಗ್‌ಟ್ರೇಡರ್ ಎಂಬ ಸಂಗೀತ ಕಂಪನಿಗೆ ಮಾರಿತು. ಆ ಕೈ ಬದಲಾಗುವಾಗ ಹೆಚ್ಚುಕಡಿಮೆ ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ಕಲಾವಿದರ ಪಾಲಿನ ಬಗ್ಗೆ ಇಷ್ಟು ನ್ಯಾಯವಾಗಿರುವ ಕಂಪನಿಯ ವಿಷಯದಲ್ಲಿ ಹೀಗಾಯಿತಲ್ಲ ಅಂತ ನನಗೆ ನೋವಾಯಿತು. 2026ರ ಜನವರಿಯಲ್ಲಿ ಎಐ ಪೂರ್ತಿಯಾಗಿ ಅಥವಾ ಬಹುಪಾಲು ತಯಾರಿಸಿದ ಸಂಗೀತಕ್ಕೆ ಇಲ್ಲಿ ಜಾಗವಿಲ್ಲ ಅಂತ ಘೋಷಿಸಿದರು, ಅದು ಸಮಾಧಾನದ ಸುದ್ದಿ. ಆದರೂ ಒಡೆಯರು ಬದಲಾಗುತ್ತಾರೆ. ನಮ್ಮ ಹಾಡು ನಮ್ಮ ಡ್ರೈವಿನಲ್ಲಿರಲಿ.

ಕನ್ನಡ ಸಿನಿಮಾ ಹಾಡು ಬೇಕಾದವರು ಇಲ್ಲಿ ಹುಡುಕಬೇಡಿ, ಇದು ಅದಕ್ಕೆ ತಕ್ಕ ಜಾಗವಲ್ಲ. ಹಾಡು ಹಾಕಿ ಮರೆತುಬಿಡುವ ಅಭ್ಯಾಸದವರಿಗೂ ಹಿಡಿಸುವುದು ಕಷ್ಟ, ಇಲ್ಲಿ ಕೂತು ಹುಡುಕಬೇಕಾಗುತ್ತದೆ. ಹುಡುಕುವುದರಲ್ಲೇ ಸುಖ ಕಾಣುವವರಿಗೆ ಇದಕ್ಕಿಂತ ಒಳ್ಳೆಯದು ನಾನು ಬೇರೆ ನೋಡಿಲ್ಲ.

ಕನ್ನಡದ ಸ್ವತಂತ್ರ ಹಾಡುಗಾರರಿಗೆ ಒಂದು ಕೋರಿಕೆ. ಪುಟ ತೆರೆಯುವುದಕ್ಕೆ ಅಲ್ಲಿ ದುಡ್ಡು ಕೊಡಬೇಕಿಲ್ಲ. ತೆರೆಯಿರಿ. ಟ್ಯಾಗಿನಲ್ಲಿ ಕನ್ನಡ ಅಂತಲೂ ಬರೆಯಿರಿ, ನಿಮ್ಮ ಊರಿನ ಹೆಸರನ್ನೂ ಬರೆಯಿರಿ, ಬರೀ ಇಂಡಿಯಾ ಅಂತ ಬಿಡಬೇಡಿ. ತಮಟೆ ಬಾರಿಸಿದವರು ಯಾರು, ಪದ ಯಾರಿಂದ ಕಲಿತಿರಿ ಅನ್ನುವುದನ್ನೂ ಎರಡು ಸಾಲು ಹಾಕಿ. ಮುಂದಿನ ಬ್ಯಾಂಡ್‌ಕ್ಯಾಂಪ್ ಶುಕ್ರವಾರಕ್ಕೆ ನಾನು ದುಡ್ಡು ತೆಗೆದಿಟ್ಟಿದ್ದೇನೆ.