ಮೂರು ಚಳಿಗಾಲ ಕಂಡ ಅಂಡರ್‌ಕ್ವಿಲ್ಟ್: ರಜಾಯಿ ಚೆನ್ನ, ದಾರ ಡಬ್ಬಾ

ಮುಕ್ಕಾಲು ಉದ್ದದ, ಸಿಂಥೆಟಿಕ್ ತುಂಬಿದ ಅಂಡರ್‌ಕ್ವಿಲ್ಟ್ ಇದು, ಅಂದರೆ ಮರಗಳ ನಡುವೆ ಕಟ್ಟಿ ಮಲಗುವ ಹ್ಯಾಮಕ್‌ನ (ತೂಗುಹಾಸಿಗೆ) ಅಡಿಗೆ ಹೊರಗಿನಿಂದ ತೂಗುಹಾಕುವ ರಜಾಯಿ. ಮೂರು ಚಳಿಗಾಲ ಬಳಸಿದ ಮೇಲೆ ರಜಾಯಿಯ ಬಗ್ಗೆ ದೊಡ್ಡ ತಕರಾರಿಲ್ಲ. ತಕರಾರೆಲ್ಲ ಅದನ್ನು ಎತ್ತಿ ಹಿಡಿಯುವ 3 ಮಿ.ಮೀ. ಎಲಾಸ್ಟಿಕ್ ದಾರದ ಮೇಲೆ. ಎರಡನೇ ಚಳಿಗಾಲ ಮುಗಿಯುವಷ್ಟರಲ್ಲಿ ಅದು ಹಳೇ ಲಾಡಿಯಂತೆ ಜೋತುಬಿತ್ತು.

ದಾರಕ್ಕೆ ಇಷ್ಟೇಕೆ ಗಲಾಟೆ ಅನ್ನಿಸಬಹುದು. ಹ್ಯಾಮಕ್‌ನಲ್ಲಿ ಚಳಿ ಹತ್ತುವುದೇ ಬೆನ್ನ ಕೆಳಗಿನಿಂದ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪಗಿರಲಿ, ಮೈಭಾರಕ್ಕೆ ಅದರ ಅಡಿಭಾಗ ಚಪ್ಪಟೆಯಾಗಿ ಒಳಗಿನ ಗಾಳಿ ಹೊರಟುಹೋಗುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ. ಅಂಡರ್‌ಕ್ವಿಲ್ಟ್ ಹೊರಗಡೆ ತೂಗುವುದರಿಂದ ಅದರ ಮೇಲೆ ಭಾರ ಬೀಳುವುದಿಲ್ಲ, ಉಬ್ಬು ಹಾಗೇ ಉಳಿಯುತ್ತದೆ. ಆದರೆ ಮಲಗಿದಾಗ ಹ್ಯಾಮಕ್ ಕೆಳಗಿಳಿದರೆ ರಜಾಯಿಯೂ ಜೊತೆಗೇ ಇಳಿದು ಬಟ್ಟೆಗೆ ಅಂಟಿಕೊಂಡಿರಬೇಕು. ಆ ಕೆಲಸ ದಾರದ್ದು. ದಾರ ಸಡಿಲವಾದರೆ ಬೆನ್ನಿಗೂ ರಜಾಯಿಗೂ ನಡುವೆ ಎರಡು ಬೆರಳಿನಷ್ಟು ಸಂದಿ ಬೀಳುತ್ತದೆ, ಬಿಸಿ ಗಾಳಿ ತುದಿಗಳಿಂದ ಸೋರಿಹೋಗಿ ತಣ್ಣನೆಯದು ಒಳನುಗ್ಗುತ್ತದೆ. ಮಲಗಿದ ಮೊದಲ ಗಂಟೆ ಗೊತ್ತೇ ಆಗುವುದಿಲ್ಲ. ಬೆಳಗಿನ ಜಾವ ಹೊರಗಿನ ಶಾಖ ತಳಮುಟ್ಟಿದಾಗ ಸೊಂಟ ಮಂಜುಗಡ್ಡೆ.

ಇಲ್ಲೇ ಎಲ್ಲರೂ ಎಡವುವುದು: ಚಳಿಯಾಯಿತೆಂದು ದಾರವನ್ನು ಜಗ್ಗಿ ಬಿಗಿಯುತ್ತಾರೆ. ರಜಾಯಿ ಹ್ಯಾಮಕ್‌ಗೆ ಒತ್ತಿಕೊಂಡು ಮತ್ತೆ ಚಪ್ಪಟೆಯಾಗುತ್ತದೆ, ಚಳಿ ಇನ್ನೂ ಹೆಚ್ಚುತ್ತದೆ. ಸಡಿಲಕ್ಕೂ ಬಿಗಿಗೂ ಲಕ್ಷಣ ಒಂದೇ ಆಗಿರುವುದು ಈ ಸಾಮಾನಿನ ದೊಡ್ಡ ಕಿತಾಪತಿ. ಬೇರೆ ಮಾಡಿ ನೋಡುವ ಬಗೆ ಇದು: ಮಲಗಿದಲ್ಲಿಂದಲೇ ಕೈಯನ್ನು ಹೊರಗೆ ಚಾಚಿ, ಸೊಂಟದ ಕೆಳಗೆ ರಜಾಯಿಯನ್ನು ಅಂಗೈಯಿಂದ ಮೆಲ್ಲಗೆ ಮೇಲಕ್ಕೊತ್ತಿ. ಕೈ ಒಂದಿಷ್ಟು ಮೇಲೆ ಹೋದಮೇಲಷ್ಟೇ ಮೈ ಸಿಕ್ಕರೆ ಸಂದಿಯಿದೆ. ಒತ್ತುವ ಮೊದಲೇ ಮೂಳೆ ಕೈಗೆ ಸಿಕ್ಕರೆ ಅತಿ ಬಿಗಿ. ದಿಂಬಿನಂತೆ ಮೆತ್ತಗೆ ಒಳಗೆ ಹೋಗಿ ಪುಟಿದುಬಂದರೆ ಸರಿಯಾಗಿದೆ. ಭುಜ ಅಥವಾ ಮೊಣಕಾಲ ಹತ್ತಿರ ಮಾತ್ರ ತಣ್ಣಗಿದ್ದರೆ ರಜಾಯಿಯ ತುದಿಯನ್ನು ಮುಚ್ಚುವ ದಾರವನ್ನು ಸ್ವಲ್ಪ ಸೆಳೆಯಿರಿ, ರಜಾಯಿಯನ್ನು ತೂಗುಹಾಕಿದ ಉದ್ದದ ದಾರದ ತಂಟೆಗೆ ಹೋಗಬೇಡಿ.

ಪ್ರತಿ ರಾತ್ರಿಯ ಕ್ರಮ ಈಗ ಕೈಗೆ ಒಗ್ಗಿಹೋಗಿದೆ. ಹ್ಯಾಮಕ್ ಅನ್ನು ಮರಕ್ಕೆ ಕಟ್ಟುವ ಪಟ್ಟಿ ಸುಮಾರು 30 ಡಿಗ್ರಿ ಕೋನದಲ್ಲಿ, ಕಾಲಿನ ಕಡೆ ಒಂದು ಗೇಣು ಎತ್ತರ. ಹ್ಯಾಮಕ್‌ನ ಎರಡು ತುದಿಗಳನ್ನು ಮೇಲಿನಿಂದ ಜೋಡಿಸುವ ನಡುದಾರದ ಉದ್ದ ಹ್ಯಾಮಕ್‌ನ ಉದ್ದದ 83 ಶೇಕಡಾ ಆಸುಪಾಸು, ಅಂದರೆ 335 ಸೆಂ.ಮೀ. ಹ್ಯಾಮಕ್‌ಗೆ 278 ಸೆಂ.ಮೀ. ಮಲಗುವುದು ಓರೆಯಾಗಿ, ತಲೆ ಒಂದು ಬದಿಗೆ, ಕಾಲು ಇನ್ನೊಂದು ಬದಿಗೆ, ಬೆನ್ನು ನೆಟ್ಟಗಾಗುತ್ತದೆ. ರಜಾಯಿಯನ್ನೂ ಮೈಯ ಓರೆಗೆ ತಕ್ಕಂತೆ ಸರಿಸಬೇಕು, ಇಲ್ಲದಿದ್ದರೆ ಒಂದು ಭುಜ ಬಯಲಿಗೆ ಬೀಳುತ್ತದೆ. ಮುಕ್ಕಾಲು ರಜಾಯಿ ಮೊಣಕಾಲ ಕೆಳಗೆ ಮುಗಿಯುವುದರಿಂದ ಪಾದದಡಿಗೆ 50 ಸೆಂ.ಮೀ. ಅಗಲದ ಫೋಮ್ ತುಂಡು. ಮೇಲೆ ಹೊದೆಯಲು ಸ್ಲೀಪಿಂಗ್ ಬ್ಯಾಗ್‌ನ ಜಿಪ್ ಪೂರ್ತಿ ತೆಗೆದು, ಪಾದ ಮಾತ್ರ ಅದರ ತುದಿಯೊಳಗೆ ತೂರಿಸಿದರೆ ಸಾಕು. ತೊಡೆಗಳ ನಡುವೆ ಬಿಸಿನೀರಿನ ಬಾಟಲಿ, ಕಾಲುಚೀಲ ತೊಡಿಸಿ, ತಲೆಕೆಳಗು ಮಾಡಿ ಸೋರುವುದಿಲ್ಲವೆಂದು ನೋಡಿಕೊಂಡು. ಒಣ ಕಾಲುಚೀಲ ಇನ್ನೊಂದು ಜೊತೆ ಕಾಲಿಗೆ. ಮುಖವನ್ನು ಹೊದಿಕೆಯೊಳಗೆ ಮುಚ್ಚಿಕೊಳ್ಳಬೇಡಿ, ಉಸಿರಿನ ತೇವ ಒಳಗೇ ಕೂರುತ್ತದೆ.

ದಾರದ ವಿಷಯಕ್ಕೆ ಮರಳಿದರೆ, ಬದಲಿಸಿದ ಮೇಲೆ ಸಿಟ್ಟು ಅರ್ಧ ಇಳಿಯಿತು. ಕೆಲಸ ಹತ್ತು ನಿಮಿಷದ್ದು. ಹೊಸ ದಾರವನ್ನು ಹಳೆಯದರ ತುದಿಗೆ ಟೇಪ್ ಸುತ್ತಿ ಜೋಡಿಸಿ, ಹಳೆಯದನ್ನು ಎಳೆದರೆ ಹೊಲಿಗೆಯ ಕೊಳವೆಯೊಳಗೆ ಹೊಸದು ತಾನೇ ಬರುತ್ತದೆ. ಹಳೆಯದನ್ನು ಮೊದಲೇ ಹೊರಗೆಳೆದುಬಿಟ್ಟರೆ ಪಿನ್ನು ಹಿಡಿದು ಒಂದು ಗಂಟೆ ಪಾಡುಪಡಬೇಕು. ಕತ್ತರಿಸಿದ ತುದಿಯನ್ನು ಲೈಟರ್‌ನಿಂದ ಸುಟ್ಟರೆ ಎಳೆ ಬಿಚ್ಚುವುದಿಲ್ಲ. ಪ್ಲಾಸ್ಟಿಕ್ ಲಾಕ್ ಒದ್ದೆಯಾದಾಗ ಜಾರುವ ಚಾಳಿಯದ್ದು, ಅದರ ಹಿಂದೆ ಒಂದು ಸುಲಭಗಂಟು ಹಾಕಿ. ಬಿಸಿಲಲ್ಲಿ ಎಳೆದು ಕಟ್ಟಿಟ್ಟರೆ ರಬ್ಬರ್ ಬೇಗ ಸಾಯುತ್ತದೆ, ಹಗಲಲ್ಲಿ ಬಿಚ್ಚಿಡಿ. ತಯಾರಕರು ಒಂದು ಬಿಡಿ ದಾರ ಚೀಲದಲ್ಲಿ ಹಾಕಿಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ಲೇಬಲ್ಲಿನ ತಾಪಮಾನವನ್ನು ನಂಬುವ ಮುನ್ನ: ಸ್ಲೀಪಿಂಗ್ ಬ್ಯಾಗ್‌ಗಳನ್ನು ಪರೀಕ್ಷಿಸುವ ಐಎಸ್‌ಒ 23537 ಮಾನದಂಡ ಅಂಡರ್‌ಕ್ವಿಲ್ಟ್‌ಗಳಿಗೆ ಬರೆದದ್ದಲ್ಲ, ಹೇಳಿದ್ದಕ್ಕಿಂತ 5 ಡಿಗ್ರಿ ಹೆಚ್ಚಿನ ತಾಪಮಾನದವರೆಗಷ್ಟೇ ಸಾಕಾಗುತ್ತದೆಂದು ಲೆಕ್ಕ ಹಾಕಿ. ಸಿಂಥೆಟಿಕ್ ತೇವವಾದರೂ ಒಂದಿಷ್ಟು ಬೆಚ್ಚಗಿಡುತ್ತದೆ, ಆದರೆ ಚೀಲಕ್ಕೆ ತುರುಕಿ ತುರುಕಿ ಉಬ್ಬು ಇಳಿಯುತ್ತದೆ. ಇದರದ್ದೂ ಮೂರನೇ ವರ್ಷಕ್ಕೆ ಕಣ್ಣಿಗೆ ಕಾಣುವಷ್ಟು ಇಳಿದಿದೆ. ಮನೆಯಲ್ಲಿ ಸಡಿಲವಾಗಿ ನೇತುಹಾಕಿಡಿ. ಡೌನ್‌ನದ್ದು (ಬಾತುಕೋಳಿಯಂಥ ಹಕ್ಕಿಗಳ ಮೆತ್ತನೆ ಪುಕ್ಕ ತುಂಬಿದ್ದು) ಹಗುರ, ಇನ್ನೂ ಬೆಚ್ಚಗೆ. ಈ ಜೇಬಿಗೆ ಸದ್ಯ ಅದು ದೂರ. ಮುಂದಿನ ಚಳಿಗಾಲಕ್ಕೂ ಇದೇ ರಜಾಯಿ, ಚೀಲದ ಪಕ್ಕದ ಜೇಬಿನಲ್ಲಿ ಬಿಡಿ ದಾರ ನಾಲ್ಕು ಮೀಟರ್.