ಹುಣಸೆ ಮರ ಹತ್ತುವ ಹಗ್ಗದ ಕಿಟ್: ಹಗ್ಗ ಚೆನ್ನ, ಕೈಪಿಡಿ ಸಾಲದು

ಕನಕಗಿರಿ, ಕುಷ್ಟಗಿ, ಯಲಬುರ್ಗಾ ಕಡೆಯ ಹೊಲದ ಬದುಗಳಲ್ಲಿ ನಿಂತಿರುವ ಹಳೆಯ ಹುಣಸೆ ಮರಗಳಿಂದ ಹಣ್ಣು ಇಳಿಸುವುದು ಇಂದಿಗೂ ಬರಿಗಾಲಿನ ಕೆಲಸವೇ ಆಗಿದೆ. ಮರವನ್ನು ಗುತ್ತಿಗೆ ಹಿಡಿದವರ ಆಳುಗಳು ಕೈಯಲ್ಲಿ ಉದ್ದನೆಯ ಗಳ ಹಿಡಿದು ಟೊಂಗೆಯಿಂದ ಟೊಂಗೆಗೆ ನಡೆಯುತ್ತಾರೆ. ಕಾಲು ಜಾರಿದರೆ ತಡೆಯಲು ನೆಲವಲ್ಲದೆ ಬೇರೇನೂ ಇರುವುದಿಲ್ಲ. ನಮ್ಮ ಹೊಲದ ಮರಗಳಿಗೆ ಹಗ್ಗವಿಲ್ಲದೆ ಯಾರನ್ನೂ ಹತ್ತಿಸಬಾರದು ಎಂದುಕೊಂಡು, ಮರ ಹತ್ತುವವರಿಗಾಗಿಯೇ ಎಂದು ಆನ್‌ಲೈನ್‌ನಲ್ಲಿ ಮಾರುವ ಕಿಟ್ ಒಂದನ್ನು ತರಿಸಿ, ಕಳೆದ ಹಂಗಾಮು ಪೂರ್ತಿ ಬಳಸಿದ್ದೇನೆ. ಇದೇ ಸಾಮಾನುಗಳ ಜೋಡಣೆಯನ್ನು ಹಲವು ಮಾರಾಟಗಾರರು ಹಲವು ಹೆಸರಿನಲ್ಲಿ ಮಾರುತ್ತಿರುವುದರಿಂದ ಇಲ್ಲಿ ಹೆಸರು ಬೇಕಿಲ್ಲ. ಪೆಟ್ಟಿಗೆಯೊಳಗೆ ಏನಿದೆ, ಅದರಿಂದ ಮರದ ಮೇಲೆ ಎಂಥ ಆಧಾರ ಕಟ್ಟಬಹುದು ಎಂಬುದಷ್ಟೇ ಕೊಳ್ಳುವವರಿಗೆ ಮುಖ್ಯ.

ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನ ಈ ಕಿಟ್‌ನಲ್ಲಿ 11 ಮಿ.ಮೀ. ದಪ್ಪದ 45 ಮೀಟರ್ ಹಗ್ಗ, ಟೊಂಗೆಯ ಮೇಲಿಂದ ಎಸೆದು ದಾಟಿಸುವ ತೆಳು ದಾರ, ಅದರ ತುದಿಗೆ ಕಟ್ಟುವ ಎರಡು ತೂಕದ ಚೀಲ, ಸೊಂಟ ಮತ್ತು ತೊಡೆಗೆ ಬಿಗಿಯುವ ಹಾರ್ನೆಸ್, 8 ಮಿ.ಮೀ. ಹುರಿಯ ಎರಡು ಪ್ರುಸಿಕ್ ಕುಣಿಕೆ (ಹಗ್ಗಕ್ಕೆ ಸುತ್ತಿದರೆ ಭಾರ ಬಿದ್ದಾಗ ಕಚ್ಚಿ ಹಿಡಿಯುವಂಥವು), ಇಳಿಯಲು ಎಂಟರ ಆಕಾರದ ಒಂದು ಲೋಹದ ಸಾಧನ, ತಿರುಪಿನ ಬೀಗವಿರುವ ಲೋಹದ ಕೊಂಡಿಗಳಾದ ಕ್ಯಾರಾಬೀನರ್‌ಗಳು, ಟೊಂಗೆಗೆ ಸುತ್ತುವ, ಎರಡು ಉಂಗುರಗಳಿರುವ ಒಂದು ಪಟ್ಟಿ, ಬೊಡ್ಡೆಗೆ ಬಳಸುವ ಒಂದು ಸ್ಲಿಂಗ್ (ಪಟ್ಟಿಯ ಕುಣಿಕೆ) ಮತ್ತು ಒಂದು ಗಿಡ್ಡ ಹಗ್ಗ ಬಂದವು. ಹೆಲ್ಮೆಟ್ ಇರಲಿಲ್ಲ. ತಲೆಯ ಮೇಲೆ ಒಣ ಟೊಂಗೆ ಬೀಳುವ ಕೆಲಸಕ್ಕೆಂದು ಮಾರುವ ಕಿಟ್‌ನಲ್ಲಿ ಹೆಲ್ಮೆಟ್ ಇಲ್ಲದಿರುವುದು ನನಗೆ ಸರಿಕಾಣಲಿಲ್ಲ.

ಹಗ್ಗದ ಬಗ್ಗೆ ದೂರಿಲ್ಲ. ಇದು ಯುರೋಪಿನ ಇಎನ್ 1891 ಮಾನದಂಡದ ‘ಎ’ ವರ್ಗದ, ಹೆಚ್ಚು ಹಿಗ್ಗದ ಹಗ್ಗ. ಈ ವರ್ಗದ ಹಗ್ಗ ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಸುಮಾರು 2,200 ಕಿಲೋ ಭಾರವನ್ನು ತಾಳಬೇಕು. ತುದಿಗೆ ಗಂಟು ಹಾಕಿದ ಮೇಲೂ 15 ಕಿಲೋನ್ಯೂಟನ್ ಭಾರವನ್ನು ಮೂರು ನಿಮಿಷ ಹೊರಬೇಕು. ಹಗ್ಗದ ತುದಿಯನ್ನು ಬಿಚ್ಚಿ ನೋಡಿದರೆ ತಿರುಳಿನ ಎಳೆಗಳ ನಡುವೆ ಕಿರಿದಾದ ಪ್ಲಾಸ್ಟಿಕ್ ಪಟ್ಟಿಯೊಂದು ಕಾಣುತ್ತದೆ. ಮಾನದಂಡದ ಸಂಖ್ಯೆ, ವರ್ಗ ಮತ್ತು ತಯಾರಾದ ವರ್ಷ ಅದರ ಮೇಲೆಯೇ ಅಚ್ಚಾಗಿರುತ್ತವೆ. ಗಂಗಾವತಿಯ ಅಂಗಡಿ ಸಾಲಿನಲ್ಲಿ ‘ನೈಲಾನ್ ಹಗ್ಗ’ ಎಂದು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಹಸಿರು, ನೀಲಿ ಹಗ್ಗಗಳು ಬಹುಪಾಲು ಪಾಲಿಪ್ರೊಪಿಲೀನ್‌ನವು. ಅವು ಹುಲ್ಲಿನ ಹೊರೆಗೂ ಟ್ರಾಲಿಗೂ ಸರಿ. ಆದರೆ 165 ಡಿಗ್ರಿಯ ಆಸುಪಾಸಿನಲ್ಲೇ ಕರಗುವ ಆ ಪ್ಲಾಸ್ಟಿಕ್, ಗಂಟು ವೇಗವಾಗಿ ಜಾರಿದಾಗ ಹುಟ್ಟುವ ಉಜ್ಜಾಟದ ಬಿಸಿಗೇ ಮೆತ್ತಗಾಗಬಲ್ಲದು, ನಮ್ಮ ಬಿಸಿಲಿನಲ್ಲಿ ಬಿಟ್ಟರೆ ಬೇಗ ಪುಡಿಯೇಳುತ್ತದೆ. ಪುಂಡಿ ನಾರಿನ ಮಿಣಿಯ ಮಾತಂತೂ ಬೇಡ. ಒಳಗೆ ಕೊಳೆತಿರುವುದು ಹೊರಗೆ ಕಾಣುವುದಿಲ್ಲ.

ಈ ಹಗ್ಗ ಬಂಡೆ ಹತ್ತುವವರ ಹಗ್ಗವಲ್ಲ ಎಂಬುದನ್ನೂ ಹೇಳಬೇಕು. ಆನೆಗೊಂದಿ, ಸಾಣಾಪುರದ ಬಂಡೆಗಳ ಬುಡದಲ್ಲಿ ದಪ್ಪ ಮೆತ್ತೆ ಹಾಸಿ ಹಗ್ಗವಿಲ್ಲದೆ ಹತ್ತುವ ಹುಡುಗರನ್ನು ಕಂಡವರು ಅವರಲ್ಲಿ ಕೇಳಿ ಸಾಮಾನು ಕೊಳ್ಳುವುದುಂಟು. ಎತ್ತರದ ಬಂಡೆಗೆ ಬಳಸುವ ಡೈನಾಮಿಕ್ ಹಗ್ಗ ಬಿದ್ದವರ ರಭಸವನ್ನು ಹೀರಲು ಹಿಗ್ಗುತ್ತದೆ. ಮರದಲ್ಲಿ ಹಗ್ಗಕ್ಕೇ ತೂಗಿಕೊಂಡು ಹತ್ತುವವನಿಗೆ ಆ ಹಿಗ್ಗು ಕಿರಿಕಿರಿ. ಇದರ ಇನ್ನೊಂದು ಮುಖವೂ ಇದೆ: ಹಿಗ್ಗದ ಹಗ್ಗದಲ್ಲಿ ಸಡಿಲ ಬಿಟ್ಟುಕೊಂಡು, ಆಧಾರಕ್ಕಿಂತ ಮೇಲೆ ಹೋಗಿ ಬಿದ್ದರೆ ಆ ಏಟು ನೇರವಾಗಿ ಬೆನ್ನುಮೂಳೆಗೆ ಬೀಳುತ್ತದೆ. ಆದ್ದರಿಂದ ಹಗ್ಗ ಸದಾ ಬಿಗಿಯಾಗಿರಬೇಕು, ಆಧಾರ ಸದಾ ತಲೆಯ ಮೇಲಿರಬೇಕು.

ಇನ್ನು ಆಧಾರ, ಅಂದರೆ ಆ್ಯಂಕರ್. ಕಿಟ್‌ನ ಕೈಪಿಡಿ ಇಲ್ಲಿಯೇ ಸೋಲುತ್ತದೆ. ಇಂಗ್ಲಿಷಿನ ನಾಲ್ಕು ಪುಟ, ಕೆಲವು ರೇಖಾಚಿತ್ರ, ‘ಗಟ್ಟಿಯಾದ ಟೊಂಗೆಯನ್ನು ಆರಿಸಿಕೊಳ್ಳಿ’ ಎಂಬ ಒಂದು ಸಾಲು, ಅಷ್ಟೇ. ನಮ್ಮಲ್ಲಿ ಬಹುಕಾಲದಿಂದ ಹಣ್ಣು ಇಳಿಸುವ ಹಿರಿಯರೊಬ್ಬರು ಪೆಟ್ಟಿಗೆಯ ಸಾಮಾನನ್ನೆಲ್ಲ ಕೈಯಲ್ಲಿ ಹಿಡಿದು ನೋಡಿ, “ಹಗ್ಗ ಗಟ್ಟಿ ಐತ್ರಿ ಸರ, ಟೊಂಗಿ ಗಟ್ಟಿ ಐತೋ ಇಲ್ಲೋ ಅದನ್ಯಾರ್ ಹೇಳೋರು?” ಎಂದರು. ಮರ ಮುಪ್ಪಾದರೂ ಹುಳಿ ಮುಪ್ಪಲ್ಲ ಎಂಬ ಗಾದೆ ಹಣ್ಣಿಗೆ ಸಲ್ಲುತ್ತದೆ, ಟೊಂಗೆಗೆ ಸಲ್ಲದು. ಹುಣಸೆ ಕಟ್ಟಿಗೆ ಬಲು ಗಟ್ಟಿ ಎಂಬುದು ನಿಜವಾದರೂ ಹಳೆಯ ಮರಗಳ ತಿರುಳು ಟೊಳ್ಳಾಗಿರುವುದು ಸಾಮಾನ್ಯ. ಪೊಟರೆಯ ಬಾಯಿ ಹಿಂಬದಿಯಲ್ಲಿ ಎಲ್ಲೋ ಇರುತ್ತದೆ. ಅವರು ಕೊಡಲಿಯ ಹಿಂಭಾಗದಿಂದ ಬೊಡ್ಡೆಯನ್ನು ಸುತ್ತ ಬಡಿದು ಸದ್ದು ಆಲಿಸುತ್ತಾರೆ; ಕವಲಿನಲ್ಲಿ ಸೀಳು, ತೊಗಟೆಯ ಮೇಲೆ ಅಣಬೆ, ಗೆದ್ದಲಿನ ಮಣ್ಣು, ಬೇವಿನ ಮರವಾದರೆ ಬಂದಳಿಕೆ ಹಿಡಿದ ಟೊಂಗೆ, ಇಷ್ಟನ್ನೂ ನೋಡಿದ ಮೇಲೆಯೇ ದಾರ ಎಸೆಯಲು ಬಿಡುತ್ತಾರೆ. ನಾವು ಇಟ್ಟುಕೊಂಡ ನಿಯಮ ಇದು: ಅಡ್ಡಳತೆ 15 ಸೆಂ.ಮೀ.ಗೆ ಕಡಿಮೆಯಿಲ್ಲದ ಹಸಿ ಟೊಂಗೆ, ಹಗ್ಗ ಕೂರುವ ಜಾಗ ಬೊಡ್ಡೆಗೆ ಅಂಟಿದ ಕವಲಿನಲ್ಲಿಯೇ ಇರಬೇಕು, ಟೊಂಗೆಯ ನಡುವೆ ಅಲ್ಲ.

ಈ ಸಾಮಾನಿನಿಂದ ಹಗ್ಗ ಓಡಾಡದಂಥ ಆಧಾರವನ್ನು ಎರಡು ಬಗೆಯಲ್ಲಿ ಕಟ್ಟಬಹುದು. ಮೊದಲನೆಯದು ಮೇಲಿನ ಕಟ್ಟು: ನೆಲದಿಂದಲೇ ಹಗ್ಗವನ್ನು ಟೊಂಗೆಯ ಮೇಲೆ ದಾಟಿಸಿ, ತುದಿಯಲ್ಲಿ ಬೌಲೈನ್ ಗಂಟಿನ ಜೀರುಗುಣಿಕೆ ಮಾಡಿ, ಎಳೆದು ಟೊಂಗೆಗೆ ಬಿಗಿಸುವುದು. ಹತ್ತುವವನ ತೂಕವಷ್ಟೇ ಟೊಂಗೆಯ ಮೇಲೆ ಬೀಳುತ್ತದೆ. ಎರಡನೆಯದು ಬುಡದ ಕಟ್ಟು: ಹಗ್ಗವನ್ನು ಮೇಲಿನ ಕವಲಿನ ಮೂಲಕ ಹಾಯಿಸಿ ಆಚೆ ಬದಿಯ ತುದಿಯನ್ನು ಬೊಡ್ಡೆಯ ಬುಡಕ್ಕೆ ಕಟ್ಟುವುದು. ಇಲ್ಲಿ ಹತ್ತುವವನ ತೂಕ ಒಂದು ಬದಿಯಲ್ಲಿ, ಅದನ್ನು ತಡೆದು ಹಿಡಿಯುವ ಎಳೆತ ಇನ್ನೊಂದು ಬದಿಯಲ್ಲಿ ಇರುವುದರಿಂದ ಟೊಂಗೆಯ ಮೇಲಿನ ಭಾರ ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ. ಸಾಮಾನು ಸಹಿತ 85 ಕಿಲೋ ತೂಗುವವನು ಹತ್ತಿದರೆ ಟೊಂಗೆಗೆ 170 ಕಿಲೋ ಎಂದೇ ಲೆಕ್ಕ ಹಿಡಿಯಬೇಕು. ತೊಗಟೆಯ ಉಜ್ಜಾಟ ಇದರಲ್ಲಿ ಸ್ವಲ್ಪ ಕಡಿಮೆ ಮಾಡೀತು, ಆದರೆ ಅದನ್ನು ನಂಬಿ ತೆಳು ಟೊಂಗೆ ಆರಿಸುವುದು ತರವಲ್ಲ. ಕೈಪಿಡಿಯಲ್ಲಿ ಎರಡೂ ಚಿತ್ರಗಳಿವೆ, ಭಾರ ಇಮ್ಮಡಿಯಾಗುವ ವಿಷಯವಿಲ್ಲ. ಪಕ್ಕದ ಮರದ ಬುಡಕ್ಕೆ ಕಟ್ಟಿದರೆ ಎಳೆತ ಓರೆಯಾಗಿ ಟೊಂಗೆಯನ್ನು ಬದಿಗೆ ಜಗ್ಗುತ್ತದೆ ಎಂಬುದೂ ಇಲ್ಲ. ಬುಡದ ಕಟ್ಟು ಅದೇ ಮರದ ಬೊಡ್ಡೆಗೇ ಇರಬೇಕು, ಆಗ ಹಗ್ಗದ ಎರಡೂ ಎಳೆಗಳು ಟೊಂಗೆಯನ್ನು ಕೆಳಮುಖವಾಗಿ ಕವಲಿಗೆ ಒತ್ತುತ್ತವೆ.

ಭಾರ ಹೆಚ್ಚಾದರೂ ನಾನು ಬುಡದ ಕಟ್ಟನ್ನೇ ಆರಿಸಿಕೊಂಡೆ. ಹುಣಸೆಯ ಹಂದರ ಎಷ್ಟು ಒತ್ತಾಗಿರುತ್ತದೆಂದರೆ, ಮೇಲಿನ ಕಟ್ಟಿಗೆ ಬೇಕಾದಂತೆ ಒಂದೇ ಟೊಂಗೆಯನ್ನು ಬಿಡಿಸಿ ಅದರ ಸುತ್ತ ದಾರ ಹಾಯಿಸುವುದು ನೆಲದಿಂದ ಬಹಳ ಸಲ ಆಗದ ಮಾತು. ಬುಡದ ಕಟ್ಟಿನಲ್ಲಿ ಹಗ್ಗ ಎರಡು ಮೂರು ಕವಲುಗಳ ಮೇಲೆ ಹಾದರೂ ನಡೆಯುತ್ತದೆ, ಒಂದು ಮುರಿದರೆ ಕೆಳಗಿನದು ಹಿಡಿಯುವ ಸಂಭವವೂ ಇರುತ್ತದೆ. ಇದಕ್ಕಿಂತ ದೊಡ್ಡ ಕಾರಣ ಹೆಜ್ಜೇನು. ನಮ್ಮ ಕಡೆ ದೊಡ್ಡ ಮರದಲ್ಲಿ ಹುಟ್ಟು ಇರುವುದು ಹೊಸದೇನಲ್ಲ; ಹುಳು ಎದ್ದರೆ ಮೇಲಿದ್ದವನಿಗೆ ಪ್ರುಸಿಕ್ ಬಿಚ್ಚಿ, ಇಳಿಯುವ ಸಾಧನ ಜೋಡಿಸಿ ಇಳಿಯುವಷ್ಟು ವ್ಯವಧಾನ ಇರುವುದಿಲ್ಲ. ಬುಡದಲ್ಲಿ ಹಗ್ಗವನ್ನು ಗಂಟಿನಿಂದ ಕಟ್ಟದೆ, ಸ್ಲಿಂಗ್ ಮತ್ತು ಕ್ಯಾರಾಬೀನರ್ ಮೂಲಕ ಎಂಟರ ಸಾಧನದಲ್ಲಿ ಹಾಯಿಸಿ, ಜಾರದಂತೆ ಅದಕ್ಕೇ ಸುತ್ತಿ ಬಿಗಿದಿದ್ದರೆ, ಕೆಳಗೆ ನಿಂತವನೇ ಆ ಸುತ್ತು ಬಿಡಿಸಿ ಅವನನ್ನು ಮೆಲ್ಲಗೆ ಇಳಿಸಿಕೊಳ್ಳಬಹುದು. ತಲೆಸುತ್ತಿ ಎಚ್ಚರ ತಪ್ಪಿದವನಿಗೂ ಇದೇ ದಾರಿ. ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವವನ ಕಾಲುಗಳಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಕುತ್ತು ಬರಬಹುದು, 108 ಆಂಬುಲೆನ್ಸ್ ಹಳ್ಳಿ ಮುಟ್ಟುವವರೆಗೆ ಕಾಯುವಂತಿಲ್ಲ.

ಆದರೆ ಈ ಏರ್ಪಾಟಿಗೆ ಕಿಟ್‌ನ ಲೆಕ್ಕ ಹೊಂದುವುದಿಲ್ಲ. ಇಳಿಸಿಕೊಳ್ಳುವಂಥ ಬುಡದ ಕಟ್ಟಿಗೆ ಆಧಾರದ ಎತ್ತರದ ಮೂರರಷ್ಟು ಹಗ್ಗ ಬೇಕು: ಬುಡದಿಂದ ಮೇಲಕ್ಕೆ ಒಂದು ಪಾಲು, ಹತ್ತುವವನ ಬದಿಯಲ್ಲಿ ಕೆಳಕ್ಕೆ ಒಂದು ಪಾಲು, ತುತ್ತತುದಿಯಲ್ಲಿ ಇದ್ದವನನ್ನು ನೆಲದವರೆಗೆ ಬಿಡಲು ಬುಡದಲ್ಲಿ ಕಾದಿರಿಸಿದ ಮತ್ತೊಂದು ಪಾಲು. 45 ಮೀಟರ್ ಹಗ್ಗದಿಂದ ಕಾಗದದ ಮೇಲೆ 15 ಮೀಟರ್ ಎತ್ತರ ಸಿಗುತ್ತದೆ. ಗಂಟು, ಸುತ್ತು ಕಳೆದರೆ 13 ಅಥವಾ 14 ಮೀಟರ್ ಎನ್ನಬೇಕು. ಪೆಟ್ಟಿಗೆಯ ಮೇಲೆ ‘20 ಮೀಟರ್ ಎತ್ತರದ ಮರಗಳವರೆಗೆ’ ಎಂದು ಅಚ್ಚು ಹಾಕಿದ್ದಾರೆ. ಹತ್ತಿ ತಾನೇ ಇಳಿಯುವವನಿಗೆ ಅದು ನಿಜ, ಕೆಳಗಿನಿಂದ ಇಳಿಸಬೇಕಾದವನಿಗೆ ನಿಜವಲ್ಲ. ಎಂಟರ ಸಾಧನ ಒಂದೇ ಇರುವುದು ಇನ್ನೊಂದು ಕೊರತೆ: ಅದನ್ನು ಬುಡದಲ್ಲಿ ಇಟ್ಟರೆ ಹತ್ತುವವನಿಗೆ ಇಳಿಯಲು ಏನೂ ಉಳಿಯುವುದಿಲ್ಲ. ಸಾಧನದ ಬದಲು, ಕೊಂಡಿಗೆ ಹಗ್ಗವನ್ನೇ ಸುತ್ತಿ ತಡೆಯುವ ಮುಂಟರ್ ಹಿಚ್ ಎಂಬ ಗಂಟು ಹಾಕೋಣವೆಂದರೆ ಅದಕ್ಕೆ ಅಗಲ ತಲೆಯ, ಪೇರಲದ ಆಕಾರದ ಕ್ಯಾರಾಬೀನರ್ ಬೇಕು. ಕಿಟ್‌ನಲ್ಲಿರುವ ಕಿರಿದಾದ ‘ಡಿ’ ಆಕಾರದವುಗಳಲ್ಲಿ ಆ ಗಂಟು ಸಲೀಸಾಗಿ ಮಗುಚುವುದಿಲ್ಲ. ನಾನು ಎರಡನ್ನೂ ಬೇರೆ ತರಿಸಿದೆ.

ಆಧಾರವನ್ನು ಪರೀಕ್ಷಿಸದೆ ಯಾರೂ ನೆಲ ಬಿಡುವಂತಿಲ್ಲ. ಹತ್ತುವ ಬದಿಯ ಹಗ್ಗಕ್ಕೆ ಇಬ್ಬರು ಒಟ್ಟಿಗೆ ಜೋತುಬಿದ್ದು ಮೆಲ್ಲಗೆ ಕುಪ್ಪಳಿಸಬೇಕು, ಆಗ ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ಸರಿದಿರಬೇಕು, ಮೂರನೆಯವರು ದೂರ ನಿಂತು ಕವಲನ್ನೇ ದಿಟ್ಟಿಸುತ್ತಿರಬೇಕು. ಒಂಟಿಯಾಗಿ ಹತ್ತುವಾಗ ಬೀಳಲಿರುವ ಭಾರದ ಎರಡರಷ್ಟು ಟೊಂಗೆಗೆ ಆಗಲೇ ಬಿದ್ದಿರುತ್ತದೆ. ಇದಾದ ಮೇಲೆ ಹತ್ತುವವನನ್ನು ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ತೂಗಿಬಿಟ್ಟು, ಬುಡದಿಂದ ಇಳಿಸಿ ನೋಡಬೇಕು. ಹಗ್ಗ ಹಾದುಹೋಗುವ ಕವಲುಗಳು ಹೆಚ್ಚಾದರೆ ಉಜ್ಜಾಟಕ್ಕೆ ಅದು ಸಿಕ್ಕಿಕೊಂಡು ಜಗ್ಗಿದರೂ ಜರುಗದೇ ಇರಬಹುದು, ಅದು ತಿಳಿಯಬೇಕಾದದ್ದು ಹೆಜ್ಜೇನು ಎದ್ದ ಹೊತ್ತಿನಲ್ಲಲ್ಲ. ಬುಡದ ಕಟ್ಟಿನ ಹತ್ತಿರ ಕೊಡಲಿ, ಕುಡಗೋಲು ಇಡಬಾರದು, ಅದೇ ಬೊಡ್ಡೆಗೆ ಎತ್ತು ಕಟ್ಟಬಾರದು. ಹೇಳಬೇಕಾಗಿಲ್ಲ ಅನಿಸಬಹುದು, ಆದರೆ ನೆರಳಿರುವುದು ಆ ಮರದ ಕೆಳಗೇ ಆದ್ದರಿಂದ ಎತ್ತು ಅಲ್ಲಿಗೇ ಬರುತ್ತದೆ.

ಎರಡು ಉಂಗುರದ ಪಟ್ಟಿ ಈ ಕಿಟ್‌ನ ಅತಿ ಒಳ್ಳೆಯ ಸಾಮಾನು. ಹಗ್ಗ ಟೊಂಗೆಯ ಸುತ್ತ ಸದಾ ಓಡಾಡುವ ಮೂರನೆಯ ಪದ್ಧತಿಗೆ, ಅಂದರೆ ಹಗ್ಗದ ಎರಡೂ ಎಳೆ ಹತ್ತುವವನ ಹಾರ್ನೆಸ್‌ಗೇ ಸೇರುವ ಪದ್ಧತಿಗೆ, ಇದು ಬೇಕು. ಪಟ್ಟಿ ಟೊಂಗೆಯನ್ನು ಬಳಸುತ್ತದೆ, ಹಗ್ಗ ಉಂಗುರಗಳಲ್ಲಿ ಓಡುತ್ತದೆ, ಹೀಗಾಗಿ ತೊಗಟೆಯೂ ಉಳಿಯುತ್ತದೆ, ಹಗ್ಗವೂ ಸವೆಯುವುದಿಲ್ಲ. ಒಂದು ಉಂಗುರ ದೊಡ್ಡದು, ಇನ್ನೊಂದು ಚಿಕ್ಕದು. ಕೆಲಸ ಮುಗಿದ ಮೇಲೆ ಹಗ್ಗದ ತುದಿಗೆ ಚಿಕ್ಕ ಗುಂಡೊಂದನ್ನು ಕಟ್ಟಿ ಎಳೆದರೆ, ಗುಂಡು ದೊಡ್ಡ ಉಂಗುರವನ್ನು ದಾಟಿ ಚಿಕ್ಕದರಲ್ಲಿ ಸಿಕ್ಕಿಕೊಂಡು ಪಟ್ಟಿಯನ್ನೇ ಬಿಡಿಸಿಕೊಂಡು ಕೆಳಗೆ ಬರುತ್ತದೆ. ಉಂಗುರಗಳ ಅಂಚು ನುಣುಪಾಗಿದೆ, ಹೊಲಿಗೆ ಬಿಗಿಯಾಗಿದೆ. ಹುಣಸೆಯ ಒರಟು ತೊಗಟೆಗೆ ಉಜ್ಜಿದ ಕಡೆ ನೂಲು ಸ್ವಲ್ಪ ಜುಂಗೆದ್ದಿರುವುದು ಬಿಟ್ಟರೆ ಹಂಗಾಮಿನ ಕೊನೆಗೂ ಅದು ಹೊಸದರಂತೆಯೇ ಇದೆ.

ಕ್ಯಾರಾಬೀನರ್‌ಗಳ ಬಗ್ಗೆ ಅಷ್ಟು ಸಮಾಧಾನವಿಲ್ಲ. ತಿರುಪಿನ ಬೀಗ ಹಗ್ಗಕ್ಕೋ ಟೊಂಗೆಗೋ ಉಜ್ಜಿ ತಾನಾಗಿಯೇ ಬಿಚ್ಚಿಕೊಳ್ಳಬಲ್ಲದು. ಮರದ ಕೆಲಸಕ್ಕೆ ಎತ್ತಿ, ತಿರುಗಿಸಿ, ಒತ್ತಿದರೆ ಮಾತ್ರ ತೆರೆಯುವ, ಕೈಬಿಟ್ಟರೆ ತಾನೇ ಮುಚ್ಚುವ ಬೀಗ ಬೇಕು. ಮಾರಾಟಗಾರರಿಗೆ ಬರೆದಾಗ “ಬಂಡೆ ಹತ್ತುವವರೂ ಇದನ್ನೇ ಬಳಸುತ್ತಾರೆ” ಎಂಬ ಉತ್ತರ ಬಂತು, ಅದು ನಾನು ಕೇಳಿದ ಪ್ರಶ್ನೆಗೆ ಉತ್ತರವಲ್ಲ. ತೂಕದ ಚೀಲಗಳಲ್ಲಿ ಹಗುರವಾದದ್ದು ಹುಣಸೆಯ ಸಣ್ಣ ರೆಂಬೆಗಳಲ್ಲಿ ತೂಗಿ ನಿಂತುಬಿಡುತ್ತದೆ, ಕೆಳಗೆ ಇಳಿಯುವುದೇ ಇಲ್ಲ. 400 ಗ್ರಾಂನಷ್ಟು ತೂಗುವ ಚೀಲವೇ ಈ ಮರಕ್ಕೆ ಸರಿ. ದಾರ ಎಸೆಯುವ ಮೊದಲು ವಿದ್ಯುತ್ ತಂತಿಯ ಕಡೆ ನೋಡಬೇಕೆಂಬ ಎಚ್ಚರಿಕೆಯೂ ಕೈಪಿಡಿಯಲ್ಲಿಲ್ಲ. ಬದುವಿನ ಗುಂಟ ಪಂಪ್‌ಸೆಟ್ ಲೈನ್ ಹಾದಿರುವ ಕಡೆ ವಿದ್ಯುತ್ ಕಂಪನಿ ಜೆಸ್ಕಾಂನವರಿಗೆ ತಿಳಿಸಿ, ಲೈನ್ ಬಂದ್ ಮಾಡಿಸದೆ ಆ ಮರದ ಹತ್ತಿರ ಸುಳಿಯಬಾರದು. ಹಾರ್ನೆಸ್ ಸಾಧಾರಣ, ತೊಡೆಯ ಪಟ್ಟಿ ಬಹಳ ಹೊತ್ತು ಕುಳಿತರೆ ಒತ್ತುತ್ತದೆ.

ಗಳ, ದೋಟಿ ಹಿಡಿದು ಹಣ್ಣು ಇಳಿಸುವವರಿಗೆ, 40ರಿಂದ 45 ಅಡಿಯೊಳಗಿನ ಆಧಾರಕ್ಕೆ, ಈ ಕಿಟ್ ಕೊಳ್ಳಬಹುದು. ಜೊತೆಗೆ ಇನ್ನೊಂದು ಎಂಟರ ಸಾಧನ, ಪೇರಲದ ಆಕಾರದ, ತಾನೇ ಮುಚ್ಚುವ ಒಂದು ಕ್ಯಾರಾಬೀನರ್, ಮೇಲಿನವನಿಗೂ ಕೆಳಗಿನವನಿಗೂ ಒಂದೊಂದು ಹೆಲ್ಮೆಟ್ ತರಿಸಿಕೊಳ್ಳಬೇಕು. ಅದಕ್ಕಿಂತ ಎತ್ತರದ ಮರಗಳಿರುವವರು ಇದೇ ಮಾನದಂಡದ 60 ಮೀಟರ್ ಹಗ್ಗವನ್ನು ಬಿಡಿಯಾಗಿ ಕೊಂಡು, ಉಳಿದ ಸಾಮಾನನ್ನು ತಾವೇ ಜೋಡಿಸಿಕೊಳ್ಳುವುದು ಲೇಸು. ಮೋಟಾರು ಗರಗಸದಿಂದ ಟೊಂಗೆ ಕಡಿಯುವ ಕೆಲಸಕ್ಕೆ ಮಾತ್ರ ಇದನ್ನು ಬಳಸಬಾರದು: ಆ ಕೆಲಸಕ್ಕೆ ಒಳಗೆ ಉಕ್ಕಿನ ತಂತಿಯಿರುವ ಗಿಡ್ಡ ಹಗ್ಗವೂ ಎರಡನೆಯ ಆಧಾರವೂ ಬೇಕು, ಇದರೊಂದಿಗೆ ಬಂದ ಗಿಡ್ಡ ಹಗ್ಗ ಬರಿಯ ನೂಲಿನದು.